ಹೋಗದೆ ನಿಂತ ನೀರು

ಎಷ್ಟೇ ಗಟ್ಟಿಮುಟ್ಟಾದ ಹಾಯಿದೋಣಿಯಾದರೂ ಅದರ ಅಡಿಹೊಟ್ಟೆಯಲ್ಲಿ ಒಂದಿಷ್ಟು ನೀರು ಸೇರುತ್ತಲೇ ಇರುತ್ತದೆ. ಬಿಲ್ಜ್ ಎಂದು ನಾವಿಕರು ಕರೆಯುವ ಈ ಜಾಗ ನೆಲಹಲಗೆಯ ಕೆಳಗೆ, ಕೀಲಿನ ನೆತ್ತಿಯ ಮೇಲೆ, ಬೆಳಕು ಕಾಣದೆ ಅಡಗಿರುತ್ತದೆ. ಪ್ರೊಪೆಲರಿನ ದಂಡ ಹೊರಹೋಗುವಲ್ಲಿ ತೊಟ್ಟಿಕ್ಕುವ ಕಡಲನೀರು, ಐಸ್ ಪೆಟ್ಟಿಗೆಯಿಂದ ಕರಗಿ ಇಳಿದದ್ದು, ಒದ್ದೆ ಹಗ್ಗಗಳಿಂದ ಸೋರಿದ್ದು ಎಲ್ಲವೂ ಕೊನೆಗೆ ಅಲ್ಲಿಗೇ ಬಂದು ಕೂಡುತ್ತವೆ. ಅದು ದೋಷವಲ್ಲ. ಕೂಡಿದ್ದು ಪಂಪಿನ ಗುಂಡಿಗೆ ಹರಿದು ಹೊರಹೋದರೆ ಸರಿ. ನಮ್ಮ ದೋಣಿಯಲ್ಲಿ ಅದು ಹೋಗುತ್ತಿರಲಿಲ್ಲ.

ನಾವು ನಾಲ್ವರು ಮುಂಬಯಿ ಕನ್ನಡಿಗರು ಕೂಡಿ ಕೊಂಡ 26 ಅಡಿಯ ಹಳೆಯ ಫೈಬರ್‌ಗ್ಲಾಸ್ ದೋಣಿ ಅದು. ಮಳೆಗಾಲದಲ್ಲಿ ದಡದ ಮೇಲಿದ್ದು ಅಕ್ಟೋಬರಿನಲ್ಲಿ ಮತ್ತೆ ಅಪೋಲೊ ಬಂದರಿನ ಎದುರು ನೀರಿಗಿಳಿಯುತ್ತದೆ. ನಮ್ಮಲ್ಲಿ ಹಿರಿಯರಾದವರು ಹೊನ್ನಾವರದವರು, ಇಬ್ಬರು ಉಡುಪಿ ಕಡೆಯವರು, ಉಳಿದೊಬ್ಬರು ಧಾರವಾಡದವರು. ಇವರು ನೌಕರಿಗೆಂದು ಈ ಊರಿಗೆ ಬರುವವರೆಗೆ ಸಮುದ್ರವನ್ನೇ ಕಂಡಿರಲಿಲ್ಲ. ವಾರದ ಆರು ದಿನ ಹಿಂದಿ, ಮರಾಠಿ, ಇಂಗ್ಲಿಷುಗಳಲ್ಲಿ ಬದುಕುವ ನಮಗೆ ಭಾನುವಾರ ಆ ದೋಣಿಯಲ್ಲಿ ಕನ್ನಡದಲ್ಲಿ ಜಗಳವಾಡುವ ಸುಖವೊಂದಿತ್ತು. ಕಳೆದ ಚಳಿಗಾಲದಲ್ಲಿ ಅದನ್ನು ಮಾರಿಬಿಡುವ ಮಾತು ಬಂತು.

ಮಾತು ಬರಲು ಕಾರಣವಾದವರು ದೋಣಿ ರಿಪೇರಿಯ ಒಬ್ಬ ಕುಶಲಿ. ನೆಲಹಲಗೆ ಎತ್ತಿ, ಕೀಲನ್ನು ಹಿಡಿದಿರುವ ಬೋಲ್ಟುಗಳ ಸುತ್ತ ನಿಂತ ಉಪ್ಪುನೀರನ್ನೂ ತುಕ್ಕಿನ ಗೆರೆಯನ್ನೂ ನೋಡಿದ ಅವರು, ಬೋಲ್ಟುಗಳು ಸವೆದಿವೆ, ಸಮುದ್ರ ಅಲ್ಲಿಂದಲೇ ಒಳಬರುತ್ತಿದೆ, ಕೀಲನ್ನೇ ಕಳಚಬೇಕು ಎಂದರು. ಅವರು ಹೇಳಿದ ಮೊತ್ತ ನಾವು ದೋಣಿಗೆ ಕೊಟ್ಟದ್ದಕ್ಕಿಂತ ಹೆಚ್ಚಾಗಿತ್ತು. ಜೊತೆಗೆ ಇನ್ನೂ ದೊಡ್ಡ ಪಂಪೊಂದನ್ನು ಹಾಕಿಸಿರೆಂಬ ಸಲಹೆ ಬೇರೆ. ಪಂಪ್ ಮಾರುವವರ ಲೆಕ್ಕದ ಬಗ್ಗೆ ನಮಗೆ ಅಷ್ಟೇನೂ ಭಕ್ತಿಯಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾದ ಪ್ರಮಾಣವನ್ನು ಸಾಮಾನ್ಯವಾಗಿ ನೀರನ್ನು ಮೇಲೆತ್ತುವ ಹೊರೆಯಿಲ್ಲದೆ ಅಳೆದಿರುತ್ತಾರೆ. ಆದರೆ ಕೀಲಿನ ಮಾತು ಹಾಗೆ ತಳ್ಳಿಹಾಕುವಂಥದಲ್ಲ. ಕೀಲು ಕಳಚಿದ ಹಾಯಿದೋಣಿ ಮಗುಚುತ್ತದೆ. ಮಾಂಡವಾಕ್ಕೆ ಮನೆಯ ಮಕ್ಕಳನ್ನೂ ಕರೆದೊಯ್ಯುತ್ತಿದ್ದ ನಮಗೆ ಆಮೇಲೆ ನಿದ್ದೆ ಹತ್ತಲಿಲ್ಲ.

"ನೀರು ಎಲ್ಲಿಂದ ಬಂತು ಅಂತ ಆಮೇಲೆ ನೋಡುವ. ಬಂದದ್ದು ಹೋಗದೆ ಯಾಕೆ ನಿಂತಿತು, ಅದನ್ನು ಮೊದಲು ಹೇಳಿ" ಎಂದು ಹೊನ್ನಾವರದ ಹಿರಿಯರು ಅಂದರು. ಗದ್ದೆಗೆ ನೀರು ಕಟ್ಟಿದ ಮನೆತನ ಅವರದು. ಗಂಡಿ ಮುಚ್ಚಿದ್ದರೆ ನೀರಿಗೆ ಬೈದು ಫಲವಿಲ್ಲವೆಂದು ಬಲ್ಲವರು.

ನಿಂತ ನೀರಿಗೆ ಎರಡು ಲಕ್ಷಣಗಳಿದ್ದವು. ಪಂಪು ತನ್ನ ಗುಂಡಿಯನ್ನು ಖಾಲಿ ಮಾಡಿ ನಿಲ್ಲುತ್ತಿತ್ತು, ಮರುಕ್ಷಣವೇ ಮತ್ತೆ ಶುರುವಾಗುತ್ತಿತ್ತು. ಹೀಗೆ ವಾರವಿಡೀ ಓಡಿ ಭಾನುವಾರದ ಹೊತ್ತಿಗೆ ಬ್ಯಾಟರಿ ಸತ್ತಿರುತ್ತಿತ್ತು. ಅದೇ ವೇಳೆ ಗುಂಡಿಗೆ ಒಂದೇ ಗೇಣು ಮುಂದಿದ್ದ ಬೋಲ್ಟುಗಳ ಅಂಕಣದಲ್ಲಿ ನಾಲ್ಕು ಬೆರಳು ನೀರು ಕದಲದೆ ಇರುತ್ತಿತ್ತು. ದೋಣಿಯ ತಳಕ್ಕೆ ಅಡ್ಡಲಾಗಿ ಬಲ ಕೊಡುವ ಪಟ್ಟಿಗಳು ಬಿಲ್ಜನ್ನು ಅಂಕಣಗಳಾಗಿ ಒಡೆಯುತ್ತವೆ. ಪ್ರತಿ ಪಟ್ಟಿಯ ಬುಡದಲ್ಲೂ ನೀರು ದಾಟಲೆಂದು ಬೆರಳು ತೂರುವಷ್ಟು ಕಿಂಡಿಯಿರುತ್ತದೆ. ಒಂದು ಕಿಂಡಿ ಕಟ್ಟಿಕೊಂಡರೂ ಪಂಪು ಎಷ್ಟೇ ದೊಡ್ಡದಿರಲಿ ವ್ಯರ್ಥ, ಏಕೆಂದರೆ ನೀರು ಅದರ ಬಾಯಿಗೆ ಬರುವುದೇ ಇಲ್ಲ.

ಧಾರವಾಡದವರು ಮನೆಯಿಂದ ಅಡುಗೆಯ ಕೆಂಪು ಬಣ್ಣ ತಂದಿದ್ದರು. ಸಿಹಿನೀರಿನಲ್ಲಿ ಕದಡಿ ಪಟಸ್ತಂಭದ ಬುಡದಲ್ಲಿ ಸುರಿದು ಟಾರ್ಚು ಹಿಡಿದು ಕುಳಿತೆವು. ಮೊದಲ ಎರಡು ಪಟ್ಟಿಗಳನ್ನು ಬಣ್ಣ ಸರಾಗವಾಗಿ ದಾಟಿತು. ಮೂರನೆಯದರ ಬಳಿ ನಿಂತಿತು. ಅರ್ಧ ಗಂಟೆಯಾದರೂ ಗುಂಡಿಯ ನೀರಿಗೆ ಕೆಂಪು ಇಳಿಯಲಿಲ್ಲ.

ಬೆರಳಿಗೆ ಎಟುಕದ ಆ ಕಿಂಡಿಗೆ ಕಿಟಕಿಯ ಪರದೆ ಕಟ್ಟುವ ಸ್ಪ್ರಿಂಗ್ ತಂತಿ ತೂರಿಸಿ ತಿರುವಿದೆವು. ನೀರಿನ ಬಾಟಲಿಯಿಂದ ಕಳಚಿದ ಕಾಗದದ ಲೇಬಲು, ಕೂದಲ ಗಂಟು, ಮರದ ಹೊಟ್ಟು, ಯಾರ ಕಾಲದ್ದೋ ಪೂಜೆಯ ಅರಿಸಿನ ಮೆತ್ತಿದ ಅಕ್ಕಿಕಾಳು ಹೊರಬಂದವು. ಇವುಗಳನ್ನೆಲ್ಲ ಅಲ್ಲಿ ಹಿಡಿದಿಟ್ಟಿದ್ದು ಎಂದೋ ನಡೆದ ದುರಸ್ತಿಯಲ್ಲಿ ಸುರಿದು ಗಟ್ಟಿಯಾದ ರೆಸಿನ್ ಹನಿಯೊಂದು. ಅದನ್ನು ಕೆತ್ತಿ ತೆಗೆದ ಕೂಡಲೇ ನಾಲ್ಕು ಬೆರಳಿನ ನೀರು ಗುಂಡಿಗೆ ನುಗ್ಗಿತು. ಆ ಸದ್ದಿಗೆ ನಾವು ಚಪ್ಪಾಳೆ ತಟ್ಟಿದ್ದನ್ನು ಪಕ್ಕದ ದೋಣಿಯ ತಾಂಡೇಲ ವಿಚಿತ್ರವಾಗಿ ನೋಡಿದ.

ಪಂಪಿನ ಹುಚ್ಚು ಓಟಕ್ಕೂ ಅದೇ ಕಿಂಡಿ ಕಾರಣವೆಂದು ಲೆಕ್ಕ ಹಾಕಿದಾಗ ತಿಳಿಯಿತು. ಪಂಪು ನಿಂತೊಡನೆ ಕೊಳವೆಯಲ್ಲಿರುವ ನೀರು ಹಿಂದಕ್ಕೆ ಬೀಳುತ್ತದೆ. ಒಳವ್ಯಾಸ 25 ಮಿಲಿಮೀಟರಿನ 4 ಮೀಟರ್ ಕೊಳವೆಯೆಂದರೆ ಸುಮಾರು 2 ಲೀಟರು. ಕಿಂಡಿ ಮುಚ್ಚಿ ಒಂಟಿಯಾಗಿದ್ದ ಇಕ್ಕಟ್ಟಿನ ಗುಂಡಿಯಲ್ಲಿ ಅಷ್ಟು ನೀರು ಎರಡು ಬೆರಳಿಗೂ ಮೀರಿ ಏರಿ ಫ್ಲೋಟ್ ಸ್ವಿಚ್ಚನ್ನು ಎತ್ತುತ್ತಿತ್ತು. ಈಗ ಅದು ಪಕ್ಕದ ಅಂಕಣಗಳಿಗೂ ಹರಡಿಕೊಳ್ಳುತ್ತದೆ. ಹಿಮ್ಮುಖ ಹರಿವನ್ನು ತಡೆಯುವ ಕವಾಟ ಹಾಕಿಸಿರೆಂದು ಹಲವರು ಹೇಳಿದರು. ಕೂದಲೊಂದು ಸಿಕ್ಕಿದರೂ ಮೊಂಡು ಹಿಡಿಯುವ ಕವಾಟವನ್ನು ಅಪಾಯದ ವೇಳೆಗೆಂದೇ ಇರುವ ಪಂಪಿನ ಕೊರಳಿಗೆ ಕಟ್ಟಲು ನಾವು ಒಪ್ಪಲಿಲ್ಲ.

ಇನ್ನು ಉಪ್ಪುನೀರಿನ ಮೂಲ. ಬಿಲ್ಜನ್ನು ಒರೆಸಿ ಒಣಗಿಸಿ ಬೋಲ್ಟುಗಳ ಸುತ್ತ ಹಳೆಯ ಪತ್ರಿಕೆಯ ಹಾಳೆ ಹಾಸಿದೆವು. ಲಂಗರಿನಲ್ಲಿ ಒಂದು ರಾತ್ರಿ ಕಳೆದರೂ ಹಾಳೆ ಒದ್ದೆಯಾಗಲಿಲ್ಲ. ಮಾಂಡವಾಕ್ಕೆ ಹೋಗುವಾಗಲೂ ಒಣಗಿಯೇ ಇತ್ತು. ಮರಳುವಾಗ ಮಾತ್ರ ಪಂಪಿನ ಗುಂಡಿ ತುಂಬಿ, ನೀರು ಪಟ್ಟಿಯ ಮೇಲಿಂದ ಬೋಲ್ಟುಗಳ ಅಂಕಣಕ್ಕೆ ಚೆಲ್ಲಿತು. ಉತ್ತರಕ್ಕೆ ಬರುವಾಗ ಮಧ್ಯಾಹ್ನದ ಗಾಳಿ ಎಡಗಡೆಯಿಂದ ಬೀಸಿ ದೋಣಿಯನ್ನು ಬಲಕ್ಕೆ ವಾಲಿಸುತ್ತದೆ. ಪಂಪಿನ ಹೊರಬಾಯಿ ಇದ್ದದ್ದು ಬಲಮಗ್ಗುಲಲ್ಲಿ, ನೀರಿನ ಗೆರೆಗಿಂತ ಒಂದು ಅಂಗೈ ಮೇಲೆ. ವಾಲಿದಾಗ ಅದು ಮುಳುಗುತ್ತಿತ್ತು. ನಿಂತ ಪಂಪಿನ ಮೂಲಕವೇ ಕಡಲು ಒಳಗೆ ಇಳಿಯುತ್ತಿತ್ತು. ಬೋಲ್ಟುಗಳು ನಿರಪರಾಧಿಗಳು. ತಮ್ಮ ತಲೆಯ ಮೇಲೆ ನಿಂತ ನೀರಿನಿಂದ ಮೇಲ್ಭಾಗದ ನಟ್ಟುಗಳಿಗೆ ಮಾತ್ರ ತುಕ್ಕು ಹಿಡಿದಿತ್ತು. ದೋಣಿಯನ್ನು ದಡಕ್ಕೆಳೆದಾಗ ಬೇರೊಬ್ಬ ತಜ್ಞರಿಂದ ಒಂದು ಬೋಲ್ಟನ್ನು ಹೊರತೆಗೆಸಿ ನೋಡಿದ ಮೇಲೆಯೇ ನಾವು ಈ ಮಾತನ್ನು ನಂಬಿದ್ದು.

ಹೊರಬಾಯಿ ಮುಳುಗಿದರೆ ಏನಾಗುತ್ತದೆಂದು ಮುಂಬಯಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಕಡಲಿನ ಭರತವೂ ಕೂಡಿಬಂದು, ಊರಿನ ಚರಂಡಿಗಳಿಗೆ ನೀರನ್ನು ಹೊರಹಾಕಲು ದಾರಿಯಿರಲಿಲ್ಲ. ನಮ್ಮಲ್ಲಿಬ್ಬರು ಆ ರಾತ್ರಿ ಕಚೇರಿಯ ಮೇಜಿನ ಮೇಲೆ ಮಲಗಿದವರು.

ಹೊರಬಾಯಿಯನ್ನು ಈಗ ಹಿಂಬದಿಯ ಗೋಡೆಯ ಮೇಲಂಚಿಗೆ ಏರಿಸಿದ್ದೇವೆ. ಕೊಳವೆ ಡೆಕ್ಕಿನ ಅಡಿಯವರೆಗೂ ಮೇಲೆದ್ದು ಬಾಗಿ ಇಳಿಯುತ್ತದೆ; ಬಾಗಿದ ನೆತ್ತಿಯಲ್ಲಿ ಗಾಳಿಯನ್ನು ಒಳಬಿಡುವ ಕಿರುಕವಾಟವಿದೆ. ಕಿಂಡಿಗಳ ಮೂಲಕ ತೆಳ್ಳನೆಯ ಸರಪಳಿಯೊಂದನ್ನು ಹಾಯಿಸಿಟ್ಟಿದ್ದೇವೆ. ಮರದ ಹಡಗುಗಳ ಕಾಲದ ಹಳೆಯ ಉಪಾಯ ಅದು: ಆಗಾಗ ಹಿಂದೆಮುಂದೆ ಎಳೆದರೆ ಕಸ ಕೂರುವುದಿಲ್ಲ. ಎಳೆಯುವ ಕೆಲಸ ಧಾರವಾಡದವರದು. ಬಾವಿಯಿಂದ ನೀರು ಸೇದುವ ಹಮ್ಮಿನಲ್ಲಿ ಎಳೆಯುತ್ತಾರೆ. ಮಾರುವ ಮಾತನ್ನು ಯಾರೂ ಮತ್ತೆ ಎತ್ತಿಲ್ಲ. ಗುಂಡಿಯ ತಳದಲ್ಲಿ ಪಂಪಿನ ಬಾಯಿಗೆ ಸಿಗದ ಒಂದು ಬೆರಳು ನೀರು ಯಾವಾಗಲೂ ಉಳಿಯುತ್ತದೆ. ಅದನ್ನು ಸ್ಪಂಜಿನಲ್ಲಿ ಹೀರಿ ಬಕೆಟ್ಟಿಗೆ ಹಿಂಡುವ ಸರದಿ ಈ ಭಾನುವಾರ ಹೊನ್ನಾವರದವರದು.