ಕಸಕ್ಕೂ ಒಂದು ಪಾಸ್‌ಬುಕ್

ಇಂಡೋನೇಷ್ಯಾದಲ್ಲಿ ಕಸದ ಬ್ಯಾಂಕುಗಳಿವೆ. 2008ರಲ್ಲಿ ಯೋಗ್ಯಕರ್ತಾ ಪಕ್ಕದ ಬಂತುಲ್‌ನಲ್ಲಿ ಬಂಬಾಂಗ್ ಸುವೆರ್ದಾ ಎಂಬ ಮೇಷ್ಟ್ರು ಇಂಥದ್ದೊಂದನ್ನು ಶುರುಮಾಡಿದರು. ಆಮೇಲೆ ಅದು ದೇಶದ ತುಂಬ ಹಬ್ಬಿತು.

ಪ್ಲಾಸ್ಟಿಕ್, ಕಾಗದ, ಲೋಹವನ್ನು ಮನೆಯಲ್ಲೇ ಬೇರೆಬೇರೆ ಮಾಡಿ ತಂದುಕೊಡಬೇಕು. ಅದೇ ಓಣಿಯವರು, ಬಹುಪಾಲು ಹೆಂಗಸರು, ತೂಗಿ ಪಾಸ್‌ಬುಕ್ಕಿನಲ್ಲಿ ಬರೆದುಕೊಡುತ್ತಾರೆ. ಎಲ್ಲರದ್ದೂ ಸೇರಿಸಿ ಸಗಟು ಗುಜರಿಗೆ ಮಾರಿ, ಖರ್ಚಿಗಿಷ್ಟು ಹಿಡಿದುಕೊಂಡು, ಉಳಿದದ್ದು ಖಾತೆಗೆ ಜಮಾ. ಮಕ್ಕಳ ಫೀಸಿಗೋ ರಂಜಾನ್ ಹಬ್ಬದ ಖರ್ಚಿಗೋ ಬಿಡಿಸಿಕೊಳ್ಳಬಹುದು.

ಸಿಗುವ ದುಡ್ಡು ಚಿಲ್ಲರೆಯೇ. ನನಗೆ ಹಿಡಿಸಿದ್ದು ತಕ್ಕಡಿ ಯಾರ ಕೈಯಲ್ಲಿದೆ ಎಂಬ ವಿಚಾರ. ನಾವೂ ಹಳೇ ಪೇಪರ್ ಮಾರುತ್ತೇವೆ. ಗುಜರಿಯವರು ಹೇಳಿದ್ದೇ ರೇಟು, ತೂಗಿದ್ದೇ ತೂಕ. ಎರಡು ಕಿಲೋ ಪೇಪರ್ ಹಿಡಿದು ಯಾರು ತಾನೇ ಚೌಕಾಸಿ ಮಾಡಿಯಾರು? ಇಡೀ ಬೀದಿಯದ್ದು ಒಟ್ಟಾದರೆ ಮಾತಿಗೆ ತೂಕ ಬರುತ್ತದೆ.

ಹಾಗಂತ ಎಲ್ಲ ಇದರಿಂದಲೇ ಆಗುತ್ತದೆ ಅಂತಲ್ಲ. ಪ್ಲಾಸ್ಟಿಕ್ ದರ ಬಿದ್ದರೆ ಜಮಾನೂ ಇಳಿಯುತ್ತದೆ, ಜನರ ಹುರುಪೂ ಇಳಿಯುತ್ತದೆ. ಯಾರಿಗೂ ಬೇಡದ ಚಿಪ್ಸ್ ಕವರು, ಕೊಳೆತ ತರಕಾರಿ ಬೀದಿಯಲ್ಲೇ ಉಳಿದರೆ ಅದಕ್ಕೆ ನಗರಸಭೆಯ ಗಾಡಿ ಬರಲೇಬೇಕು. ಲೆಕ್ಕ ಇಡಲು ಕಲಿತ ಬೀದಿ ಆ ಗಾಡಿ ಯಾಕೆ ಬಂದಿಲ್ಲ ಅಂತ ಕೇಳುವುದನ್ನೂ ಕಲಿಯಲಿ.