ಹೊಸ ಪೆಟ್ಟಿಗೆ, ಹಳೆಯ ಜಗಲಿ

"ಎಲ್ಲಾಂ ಶರಿಯಾಯಿ ಮಾಷೆ" ಅಂತ ಹೇಳಿ ಹುಡುಗ ಬೈಕು ಹತ್ತಿ ಹೋದ. ಕಳೆದ ಫೆಬ್ರವರಿಯ ಒಂದು ಶುಕ್ರವಾರ ಸಂಜೆ. ನಮ್ಮ ಚಾವಡಿಯ ಗೋಡೆಯಲ್ಲಿ ಹೊಸದೊಂದು ಬಿಳಿ ಪೆಟ್ಟಿಗೆ ಕೂತಿತ್ತು, ನಾಲ್ಕು ಹಸಿರು ದೀಪ ಮಿನುಗುತ್ತಿದ್ದವು. ಫೋನಿನಲ್ಲಿ ನೋಡಿದರೆ ಇಂಟರ್ನೆಟ್ ಹಿಂದೆಂದೂ ಕಾಣದಷ್ಟು ವೇಗ. ಆದರೆ ಎಲ್ಲವೂ ಶರಿಯಾಗಿರಲಿಲ್ಲ. ಮುಂದಿನ ಎರಡು ದಿನ ನಾನು ಪಟ್ಟ ಪಾಡನ್ನು ಇಲ್ಲಿ ಬರೆದಿಡುತ್ತೇನೆ. ನಮ್ಮ ಶಾಲೆಗಳ ಅಧ್ಯಾಪಕರಲ್ಲಿ, ಮಕ್ಕಳ ಮನೆಗಳಲ್ಲಿ ಯಾರಿಗಾದರೂ ಉಪಕಾರ ಆದೀತು.

ಮೊದಲು ನಮ್ಮ ಮನೆಯ ವಿಷಯ ಹೇಳಬೇಕು. ಕುಂಬಳೆಯಿಂದ ಒಳಗೆ, ಅಡಿಕೆ ತೋಟದ ಮಧ್ಯೆ ಇರುವ ಹಳೇ ಮನೆ. ಮುರಕಲ್ಲಿನ ಗೋಡೆ, ಒಂದೊಂದೂ ಒಂದು ಮೊಳ ದಪ್ಪ. ಬೇಸಗೆಯಲ್ಲಿ ತಂಪು, ಆದರೆ ವೈಫೈಗೆ ಶತ್ರು. ಚಾವಡಿಯಲ್ಲಿಟ್ಟ ಪೆಟ್ಟಿಗೆಯ ಅಲೆಗಳು ಎರಡು ಗೋಡೆ ದಾಟಿ ಜಗಲಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತವೆ.

ಜಗಲಿಗೇ ಯಾಕೆ ಬೇಕು ಅಂತ ಕೇಳಬಹುದು. 2020ರ ಜೂನ್ 1ಕ್ಕೆ ಕೇರಳದಲ್ಲಿ ಫಸ್ಟ್ ಬೆಲ್ ಆನ್‌ಲೈನ್ ತರಗತಿಗಳು ಶುರುವಾದವಲ್ಲ, ಆಗಿನ ಕಥೆ ಅದು. ಮಲಯಾಳ ಮಾಧ್ಯಮದ ಮಕ್ಕಳಿಗೆ ಕೈಟ್ ವಿಕ್ಟರ್ಸ್ ಚಾನೆಲಿನಲ್ಲಿ ಪಾಠ, ಮನೆಯ ಟೀವಿ ಹಾಕಿದರೆ ಆಯಿತು. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಸಿಗುತ್ತಿದ್ದುದು ಯೂಟ್ಯೂಬಿನಲ್ಲಿ. ಅಂದರೆ ಟೀವಿ ಇದ್ದರೂ ಸಾಲದು, ಫೋನು ಬೇಕು, ನೆಟ್ ಬೇಕು. ನಮ್ಮ ಕಡೆ ತೋಟದ ತಗ್ಗಿನಲ್ಲಿ ಮೊಬೈಲ್ ಸಿಗ್ನಲ್ ಹುಡುಕಲು ಮಕ್ಕಳು ಗುಡ್ಡೆ ಹತ್ತುತ್ತಿದ್ದರು. ಮಳೆಗಾಲ ಬೇರೆ. ಆ ಜುಲೈಯಲ್ಲಿ ನಾನೊಂದು ರೂಟರ್ ತಂದು ಹೊರಗಿನ ಕೋಣೆಯ ಕಿಟಕಿಯಲ್ಲಿ, ಜಗಲಿಗೆ ಮುಖ ಮಾಡಿ ಇಟ್ಟೆ. ಚಾವಡಿಯ ಟೆಲಿಫೋನ್ ಮೋಡೆಮ್‌ನಿಂದ ಅಲ್ಲಿಗೆ 25 ಮೀಟರ್ ಕೇಬಲ್ ಎಳೆದೆ. ಹತ್ತಿರದ ನಾಲ್ಕೈದು ಮನೆಯ ಮಕ್ಕಳು ಮಾಸ್ಕ್ ಹಾಕಿಕೊಂಡು, ದೂರ ದೂರ ಕೂತು ಅಲ್ಲಿ ಪಾಠ ನೋಡಿದರು.

ಆ ರೂಟರಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದೆ. ಮೊದಲು "ಕಾಸರಗೋಡು ಜಗಲಿ" ಅಂತ ಕೊಟ್ಟೆ, ಹಿಡಿಸಲಿಲ್ಲ. ವೈಫೈ ಹೆಸರಿಗೆ ಇರುವ ಜಾಗ 32 ಬೈಟ್ ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ನಮ್ಮ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ, ಒತ್ತಕ್ಷರ ಮಾಡುವ ಹಲಂತಕ್ಕೂ ಮೂರು ಮೂರು. "ಕಾಸರಗೋಡು ಜಗಲಿ" 37 ಆಯಿತು. "ನಮ್ಮ ಜಗಲಿ" ಅಂದರೆ 25, ಹಿಡಿಸಿತು. ಮಕ್ಕಳ ಫೋನಿನಲ್ಲಿ ಇಂಗ್ಲಿಷ್ ಹೆಸರುಗಳ ನಡುವೆ ಕನ್ನಡದ ಆ ಎರಡು ಶಬ್ದ ಕಂಡ ದಿನ ಅವರಿಗಾದ ಖುಷಿ ನೋಡಬೇಕಿತ್ತು!

ಕೊರೋನಾ ಹೋಯಿತು, ಜಗಲಿ ಉಳಿಯಿತು. ಈಗಲೂ ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಶನಿವಾರ, ಸೋಮವಾರ ಸಂಜೆ ಏಳೆಂಟು ಮಕ್ಕಳು ಬರುತ್ತಾರೆ. ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತೇವೆ, ಬೇಕಾದ್ದನ್ನು ನೆಟ್ಟಿನಲ್ಲಿ ನೋಡುತ್ತೇವೆ. ಕನ್ನಡದಲ್ಲಿ ಗೈಡು, ನೋಟ್ಸು ಅಂಗಡಿಯಲ್ಲಿ ಸಿಗುವುದು ಕಮ್ಮಿ. ನಾವೇ ಟೈಪ್ ಮಾಡಿ, ಮನೆಯ ಪ್ರಿಂಟರಿನಲ್ಲಿ ತೆಗೆದು ಕೊಡಬೇಕು.

ಟೆಲಿಫೋನಿನ ತಾಮ್ರದ ತಂತಿ ಪದೇ ಪದೇ ಕೆಡುತ್ತಿದ್ದುದರಿಂದ ಫೈಬರ್ ಹಾಕಿಸಿದೆ. ಹಳೆಯ ಮೋಡೆಮ್ ಹೋಯಿತು, ಹೊಸ ಪೆಟ್ಟಿಗೆ ಬಂತು. ಇದು ಬರೀ ಮೋಡೆಮ್ ಅಲ್ಲ. ಗಾಜಿನ ಎಳೆಯಲ್ಲಿ ಬೆಳಕಾಗಿ ಬರುವ ಸಂಕೇತವನ್ನು ವಿದ್ಯುತ್ ಸಂಕೇತ ಮಾಡುವುದೂ ಇದೇ, ರೂಟರ್ ಇದೇ, ವೈಫೈ ಇದೇ, ಫೋನಿನ ತೂತೂ ಇದರಲ್ಲೇ. ಗೇಟ್‌ವೇ ಅಂತಾರಲ್ಲ, ಮನೆಯ ಪಡಿಬಾಗಿಲು. ಅದಕ್ಕೂ "ನಮ್ಮ ಜಗಲಿ" ಅಂತ ಹೆಸರು ಕೊಡಲು ಹೋದರೆ ಅದು ಕನ್ನಡ ಅಕ್ಷರ ಒಪ್ಪಲೇ ಇಲ್ಲ. "ಹಳೇದನ್ನು ಬಿಸಾಡಿ ಮಾಷೆ, ಇದೊಂದು ಸಾಕು" ಅಂದಿದ್ದ ಹುಡುಗ. ಹೇಗೆ ಬಿಸಾಡುವುದು? ಜಗಲಿಗೆ ಸಿಗ್ನಲ್ ಇಲ್ಲ, ಹೆಸರೂ ಇಲ್ಲ.

ಸರಿ, ಹಳೇ ರೂಟರನ್ನು ಹೊಸದಕ್ಕೆ ಜೋಡಿಸೋಣ ಅಂತ ಹೊರಟೆ. ಮೋಡೆಮ್‌ಗೆ ಚುಚ್ಚಿದ್ದ ಕೇಬಲನ್ನು ತೆಗೆದು ಹೊಸ ಪೆಟ್ಟಿಗೆಗೆ ಚುಚ್ಚಿದೆ. ರೂಟರಿನ ವ್ಯಾನ್ ದೀಪ ಹೊತ್ತಿತು, ನೆಟ್ ಬರಲಿಲ್ಲ. ಆ ತುದಿಯನ್ನು ಕಿತ್ತು ರೂಟರಿನ ಹಳದಿ ಲ್ಯಾನ್ ತೂತಿಗೆ ಹಾಕಿದೆ. ಬಂತು! ನನ್ನ ಬುದ್ಧಿವಂತಿಕೆಯನ್ನು ಹೆಂಡತಿಗೆ ವರ್ಣಿಸಿ, ಊಟ ಮಾಡಿ ಮಲಗಿದೆ.

ಶನಿವಾರ ಸಂಜೆ ಏಳು ಮಕ್ಕಳು ಬಂದರು. ಮೂವರ ಫೋನಿನಲ್ಲಿ ನೆಟ್ ಓಡುತ್ತಿದೆ, ನಾಲ್ವರದ್ದರಲ್ಲಿ ಇಲ್ಲ. "ಸರ್, ವೈಫೈ ಉಂಟು, ಇಂಟರ್ನೆಟ್ ಇಲ್ಲ." ಸ್ವಲ್ಪ ಹೊತ್ತಿಗೆ ಆ ಮೂವರದ್ದೂ ಹೋಯಿತು, ಬೇರೊಬ್ಬಳದ್ದು ಬಂತು. ಗಣಿತದ ಮಾದರಿ ಪ್ರಶ್ನೆಪತ್ರಿಕೆ ಪ್ರಿಂಟ್ ಕೊಟ್ಟರೆ ಪ್ರಿಂಟರ್ ಕಾಣೆ. ಸೆಟ್ಟಿಂಗ್ ನೋಡೋಣ ಅಂತ 192.168.1.1 ಅಂತ ಒತ್ತಿದರೆ ಒಮ್ಮೆ ಹೊಸ ಪೆಟ್ಟಿಗೆಯ ಪುಟ ಬರುತ್ತದೆ, ಇನ್ನೊಮ್ಮೆ ಹಳೇ ರೂಟರಿನ ಪುಟ ಬರುತ್ತದೆ. ಭೂತ ಹೊಕ್ಕ ಹಾಗೆ. ಪರೀಕ್ಷೆಗೆ ಮೂರು ವಾರ ಇರುವಾಗ ಮಕ್ಕಳ ಒಂದು ಸಂಜೆ ನನ್ನ ಬುದ್ಧಿವಂತಿಕೆಗೆ ಬಲಿಯಾಯಿತು. ಅವರು ಏನೂ ಅನ್ನದೆ ಚೀಲ ಎತ್ತಿಕೊಂಡು ಹೋದರು. ಅದೇ ನನಗೆ ಹೆಚ್ಚು ಬೇಸರ ತಂದದ್ದು.

ಭಾನುವಾರ ಬೆಳಿಗ್ಗೆ ಕಾಗದ, ಪೆನ್ಸಿಲ್ ಹಿಡಿದು ಕೂತೆ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಅಂತ ಚಿತ್ರ ಬರೆದೆ. ಆಗ ತಪ್ಪು ಕಣ್ಣಿಗೆ ಬಿತ್ತು.

ಮನೆಯೊಳಗಿನ ಪ್ರತಿ ಯಂತ್ರಕ್ಕೂ ಒಂದು ಹಾಜರಿ ನಂಬರು ಬೇಕು, ಅದೇ ಐಪಿ ವಿಳಾಸ. ಅದನ್ನು ಹಂಚುವ ಕ್ಲಾಸ್ ಟೀಚರ ಹೆಸರು ಡಿಎಚ್‌ಸಿಪಿ. ನಾನು ಒಂದೇ ಕ್ಲಾಸಿಗೆ ಇಬ್ಬರು ಕ್ಲಾಸ್ ಟೀಚರನ್ನು ಕಳಿಸಿದ್ದೆ! ಹೊಸ ಪೆಟ್ಟಿಗೆಯೂ ನಂಬರು ಕೊಡುತ್ತಿದೆ, ಹಳೇ ರೂಟರೂ ಕೊಡುತ್ತಿದೆ. ಸಾಲದ್ದಕ್ಕೆ ಇಬ್ಬರ ಸ್ವಂತ ನಂಬರೂ 192.168.1.1. ಫೋನು "ಒಂದನೇ ನಂಬರಿನವರೇ, ನನ್ನನ್ನು ಹೊರಗೆ ಬಿಡಿ" ಅಂದಾಗ ಹೊಸ ಪೆಟ್ಟಿಗೆ ಓಗೊಟ್ಟರೆ ಇಂಟರ್ನೆಟ್, ಹಳೇ ರೂಟರ್ ಓಗೊಟ್ಟರೆ ಶೂನ್ಯ. ಅದಕ್ಕೆ ಹೊರಗೆ ಹೋಗುವ ದಾರಿಯೇ ಇಲ್ಲವಲ್ಲ. ಪ್ರಿಂಟರಿಗೆ ನಾನು 192.168.1.5 ಅಂತ ಗಟ್ಟಿ ಮಾಡಿಟ್ಟಿದ್ದೆ, ಆ ನಂಬರನ್ನೇ ಹೊಸ ಪೆಟ್ಟಿಗೆ ಯಾವುದೋ ಫೋನಿಗೆ ಕೊಟ್ಟಿತ್ತು.

ಮೊದಲ ಪ್ರಯತ್ನ ಯಾಕೆ ಸೋತಿತು ಅನ್ನುವುದೂ ತಿಳಿಯಿತು. ಹಳೇ ರೂಟರಿನ ವ್ಯಾನ್ ತೂತು ಇನ್ನೂ ಹಿಂದಿನ ಕನೆಕ್ಷನ್ನಿನ ಯೂಸರ್ ನೇಮ್, ಪಾಸ್‌ವರ್ಡ್ ಹೇಳಿಕೊಂಡು ಬಾಗಿಲು ತಟ್ಟುತ್ತಿತ್ತು. ಪಿಪಿಪಿಒಇ ಅಂತ ಇರುತ್ತದೆ. ಹೊಸ ಮನೆಯಲ್ಲಿ ಹಳೇ ಬಾಡಿಗೆದಾರರ ಹೆಸರು ಕೂಗಿದರೆ ಯಾರು ಬಾಗಿಲು ತೆಗೆಯುತ್ತಾರೆ?

ಜೋಡಿಸಲು ಮೂರು ದಾರಿಗಳಿವೆ.

ಒಂದನೆಯದು, ಹೊಸ ಪೆಟ್ಟಿಗೆಯ ಲ್ಯಾನ್‌ನಿಂದ ಹಳೇ ರೂಟರಿನ ವ್ಯಾನ್‌ಗೆ ತಂತಿ. ರೂಟರಿನಲ್ಲಿ ಪಿಪಿಪಿಒಇ ತೆಗೆದು ಡೈನಾಮಿಕ್ ಐಪಿ ಅಂತ ಮಾಡಬೇಕು, ಅದರ ಒಳಗಿನ ನಂಬರನ್ನು 192.168.2.1 ಅಂತ ಬದಲಿಸಬೇಕು. ಎರಡೂ ಕಡೆ 192.168.1 ಇದ್ದರೆ ರೂಟರಿಗೆ ಒಳಗೆ ಯಾವುದು, ಹೊರಗೆ ಯಾವುದು ಅಂತ ತಿಳಿಯುವುದಿಲ್ಲ. ಇದು ಸುಲಭ. ಆದರೆ ಮನೆಯೊಳಗೆ ಎರಡು ಕ್ಲಾಸ್ ಆಗುತ್ತದೆ. ನಮ್ಮ ಪ್ರಿಂಟರ್ ಹಳೇ ರೂಟರಿನ ಒಳಗೆ. ಚಾವಡಿಯಲ್ಲಿ ಹೊಸ ಪೆಟ್ಟಿಗೆಗೆ ಸೇರಿಕೊಂಡ ಹೆಂಡತಿಯ ಲ್ಯಾಪ್‌ಟಾಪಿಗೆ ಅದು ಕಾಣುವುದಿಲ್ಲ. ಮತ್ತೆ ಹೊರಗೆ ಹೋಗುವ ಪ್ರತಿ ಕಾಗದಕ್ಕೂ ಎರಡು ಆಫೀಸಿನ ಸೀಲು ಬೀಳಬೇಕು. ಇದನ್ನು ಡಬಲ್ ನ್ಯಾಟ್ ಅನ್ನುತ್ತಾರೆ. ಮಲಯಾಳದ ಸುತ್ತೋಲೆ ಓದಿ, ಕನ್ನಡ ಮಾಡಿ, ಆಮೇಲೆ ತಾಯ್ತಂದೆಯರಿಗೆ ಹೇಳುವ ನಮಗೆ ಇದು ಹೊಸತಲ್ಲ ಬಿಡಿ! ಯೂಟ್ಯೂಬ್ ನೋಡಲು ಇದರಿಂದ ತೊಂದರೆ ಏನೂ ಇಲ್ಲ.

ಎರಡನೆಯದು ಬ್ರಿಡ್ಜ್ ಮೋಡ್. ಹೊಸ ಪೆಟ್ಟಿಗೆ ಬರೀ ಬೆಳಕನ್ನು ವಿದ್ಯುತ್ ಮಾಡಿ ಕೊಟ್ಟು ಸುಮ್ಮನಿರುತ್ತದೆ, ಉಳಿದ ಕೆಲಸ ಎಲ್ಲ ಹಳೇ ರೂಟರಿನದ್ದು. ಇದಕ್ಕೆ ಸಾಮಾನ್ಯವಾಗಿ ಕನೆಕ್ಷನ್ ಕೊಟ್ಟವರ ಸಹಾಯ ಬೇಕು. ಪರೀಕ್ಷೆಯ ಹೊತ್ತಿಗೆ ಅವರನ್ನು ಕಾಯುವ ಧೈರ್ಯ ನನಗಿರಲಿಲ್ಲ.

ಮೂರನೆಯದು, ಹಳೇ ರೂಟರನ್ನು ಕ್ಲಾಸ್ ಟೀಚರ್ ಹುದ್ದೆಯಿಂದ ಇಳಿಸಿ ಬರೀ ವೈಫೈ ಹರಡುವ ಕೆಲಸಕ್ಕೆ ಇಡುವುದು. ತಂತಿ ನಾನು ಮೊದಲೇ ಹಾಕಿದ್ದ ಹಾಗೆ ಲ್ಯಾನ್‌ನಿಂದ ಲ್ಯಾನ್‌ಗೆ. ಆದರೆ ಅದಕ್ಕೆ ಮುಂಚೆ ಮಾಡಬೇಕಾದ ಕೆಲಸ ಉಂಟು, ಅದನ್ನು ನಾನು ಮಾಡಿರಲಿಲ್ಲ ಅಷ್ಟೆ. ನಮಗೆ ಸರಿಹೋದದ್ದು ಇದೇ. ಕ್ರಮ ಹೀಗೆ:

ಮೊದಲು ಎರಡರ ನಡುವಿನ ತಂತಿ ತೆಗೆಯಿರಿ. ಕಂಪ್ಯೂಟರನ್ನು ವೈಫೈ ಬಂದ್ ಮಾಡಿ, ತಂತಿಯಲ್ಲಿ ಹಳೇ ರೂಟರಿಗೆ ಮಾತ್ರ ಜೋಡಿಸಿ. 192.168.1.1 ತೆರೆದು, ಲ್ಯಾನ್ ಸೆಟ್ಟಿಂಗಿನಲ್ಲಿ ಅದರ ನಂಬರನ್ನು 192.168.1.2 ಮಾಡಿ ಸೇವ್ ಮಾಡಿ. ರೂಟರ್ ಒಮ್ಮೆ ಆರಿ ಹೊತ್ತಿಕೊಳ್ಳುತ್ತದೆ. ಈಗ 192.168.1.2 ತೆರೆದು ಡಿಎಚ್‌ಸಿಪಿ ಆಫ್ ಮಾಡಿ. ಈ ಕ್ರಮ ತಪ್ಪಬೇಡಿ. ಡಿಎಚ್‌ಸಿಪಿಯನ್ನು ಮೊದಲೇ ಆಫ್ ಮಾಡಿದರೆ ರೂಟರ್ ಆರಿ ಹೊತ್ತಿದ ಮೇಲೆ ಕಂಪ್ಯೂಟರಿಗೆ ನಂಬರು ಕೊಡುವವರೇ ಇಲ್ಲದೆ ಪುಟ ತೆರೆಯುವುದೇ ಕಷ್ಟ. ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಮುಟ್ಟಬೇಡಿ.

ಆಮೇಲೆ ಹೊಸ ಪೆಟ್ಟಿಗೆಯ ಪುಟಕ್ಕೆ ಹೋಗಿ ಅದು ಹಂಚುವ ನಂಬರು 192.168.1.100ರಿಂದ 200ರ ಒಳಗೆ ಅಂತ ಗಡಿ ಹಾಕಿ. ರೂಟರಿನ 2, ಪ್ರಿಂಟರಿನ 5 ಆ ಗಡಿಯ ಹೊರಗೆ ಸುರಕ್ಷಿತ. ಎರಡರ ವೈಫೈ ಚಾನೆಲ್ ಬೇರೆ ಬೇರೆ ಮಾಡಿ. 2.4 ಗಿಗಾಹರ್ಟ್ಸ್‌ನಲ್ಲಿ ನಾನು ಒಂದಕ್ಕೆ 1, ಇನ್ನೊಂದಕ್ಕೆ 11 ಕೊಟ್ಟೆ. ಕೊನೆಗೆ ತಂತಿ ಲ್ಯಾನ್‌ನಿಂದ ಲ್ಯಾನ್‌ಗೆ. ಹಳೇ ರೂಟರಿನ ವ್ಯಾನ್ ತೂತು ಖಾಲಿಯೇ ಇರಲಿ. ಎರಡನ್ನೂ ಒಮ್ಮೆ ಆರಿಸಿ ಹೊತ್ತಿಸಿ. ಫೋನುಗಳ ವೈಫೈಯನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಹೊಸ ನಂಬರು ಸಿಗುತ್ತದೆ. ಕೊನೇ ಅಕ್ಷರ 1 ಒತ್ತಿದರೆ ಹೊಸದರ ಪುಟ, 2 ಒತ್ತಿದರೆ ಹಳೇದರ ಪುಟ ಬಂದರೆ ಗೆದ್ದಿರಿ.

ಇನ್ನೆರಡು ಮಾತು. ಪೆಟ್ಟಿಗೆಯ ಬುಡದಲ್ಲಿ ಅಂಟಿಸಿದ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಹೊಸದನ್ನು ನೋಟ್ ಪುಸ್ತಕದಲ್ಲಿ ಬರೆದಿಡಿ. ಮತ್ತೆ ನಮ್ಮಲ್ಲಿ ತುಲಾ ತಿಂಗಳ ಮಧ್ಯಾಹ್ನದ ಗುಡುಗು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಫೈಬರಿನ ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟು ಬರಲಿಕ್ಕಿಲ್ಲ, ಆದರೆ ಅಡಾಪ್ಟರಿನ ಮೂಲಕ ಬರಬಹುದು. ಒಂದಕ್ಕೆ ಬಡಿದರೆ ನಡುವಿನ ಲ್ಯಾನ್ ತಂತಿಯಲ್ಲಿ ಇನ್ನೊಂದಕ್ಕೂ ದಾಟಬಹುದು. ಮೋಡ ಕಪ್ಪಾಗುವ ಮೊದಲೇ ಎರಡರ ಪ್ಲಗ್ಗೂ ಕೀಳಿ.

ಸೋಮವಾರ ಸಂಜೆ ಮಕ್ಕಳು ಬಂದರು. ನಾನೇನೂ ಹೇಳಲಿಲ್ಲ, ಸುಮ್ಮನೆ ನೋಡುತ್ತಿದ್ದೆ. ಅವರಲ್ಲೊಬ್ಬ ಹುಡುಗನ ಕೈಯಲ್ಲಿ ಗಾಜು ಒಡೆದ, ರಬ್ಬರ್ ಬ್ಯಾಂಡ್ ಹಾಕಿದ ಫೋನು. ಅದನ್ನು ನಾನು ಬಲ್ಲೆ. 2020ರಲ್ಲಿ ಅವನ ಅಕ್ಕ ಇದೇ ಫೋನು ಹಿಡಿದು ಇದೇ ಜಗಲಿಯ ಕಂಬಕ್ಕೆ ಒರಗಿ ಪಾಠ ನೋಡುತ್ತಿದ್ದಳು. ಇವನು ಆಗ ಚಿಕ್ಕವನು, ಅಂಗಳದಲ್ಲಿ ಅಡಿಕೆ ಹಾಳೆ ಎಳೆದು ಆಡುತ್ತಿದ್ದ. ಅಕ್ಕ ಈಗ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಫೋನು ತಮ್ಮನಿಗೆ ಬಂದಿದೆ.

ಮೆಟ್ಟಿಲು ಹತ್ತುವಾಗಲೇ ಅವನು ಪರದೆ ನೋಡಿ, "ಸರ್, ನಮ್ಮ ಜಗಲಿ ಬಂತು" ಅಂದ. ಯಾರೂ ಪಾಸ್‌ವರ್ಡ್ ಕೇಳಲಿಲ್ಲ. ಹೆಸರೂ ಪಾಸ್‌ವರ್ಡೂ ಅದೇ ಇದ್ದುದರಿಂದ ಫೋನು ತಾನಾಗಿ ಸೇರಿಕೊಂಡಿತು. ಒಳಗಿನಿಂದ ಪ್ರಿಂಟರಿನ ಸದ್ದು ಕೇಳಿಸಿತು. ಗಣಿತದ ಪ್ರಶ್ನೆಪತ್ರಿಕೆ ಏಳು ಪ್ರತಿ. ಶನಿವಾರದ ಬಾಕಿಯನ್ನೂ ಸೇರಿಸಿ ಅವತ್ತು ಎಂಟೂವರೆ ತನಕ ಲೆಕ್ಕ ಬಿಡಿಸಿದೆವು.