ಸಂಗೀತದ ಚಂದಾ: ಶ್ರಾವಕನ ಲೆಕ್ಕ

ಶ್ರಾವಕನ ಮನೆಯಲ್ಲಿ ಪ್ರತಿಯೊಂದು ವೆಚ್ಚಕ್ಕೂ ಎರಡು ಲೆಕ್ಕಗಳಿರುತ್ತವೆ. ಒಂದು ರೋಕಡವಹಿಯ ಲೆಕ್ಕ, ಇನ್ನೊಂದು ವ್ರತದ ಲೆಕ್ಕ. ಮೊದಲನೆಯದು ಹಣ ಎಷ್ಟು ಹೋಯಿತೆಂಬುದನ್ನು ತಿಳಿಸುತ್ತದೆ. ಎರಡನೆಯದು ಆ ಹಣದ ಬೆನ್ನ ಹಿಂದೆ ಮನಸ್ಸು ಎಷ್ಟು ದೂರ ಹೋಯಿತೆಂಬುದನ್ನು ತಿಳಿಸುತ್ತದೆ. ಮೊಬೈಲಿನಲ್ಲಿ ಹಾಡು ಕೇಳುವುದಕ್ಕಾಗಿ ಇಂದು ಅನೇಕ ಮನೆಗಳಲ್ಲಿ ತಿಂಗಳು ತಿಂಗಳು ಚಂದಾ ತೆರುತ್ತಾರೆ. ಮೊತ್ತ ಅಲ್ಪವಾದುದರಿಂದ ಅದನ್ನು ಯಾರೂ ವಿಚಾರಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಈ ಅಲ್ಪ ಮೊತ್ತದಲ್ಲಿಯೇ ಮೂರು ಅಣುವ್ರತಗಳೂ ಒಂದು ಶಿಕ್ಷಾವ್ರತವೂ ಪರೀಕ್ಷೆಗೆ ಒಳಗಾಗುತ್ತವೆಂಬುದನ್ನು ಹುಬ್ಬಳ್ಳಿಯ ಒಬ್ಬ ಹಿರಿಯ ಜವಳಿ ವ್ಯಾಪಾರಿಯ ಮನೆಯಲ್ಲಿ ನಡೆದ ಸಂಗತಿ ತೋರಿಸಿಕೊಟ್ಟಿತು.

ಆ ಹಿರಿಯರು ನಲವತ್ತು ವರ್ಷ ಅಂಗಡಿಯ ಗದ್ದಿಗೆಯಲ್ಲಿ ಕುಳಿತವರು. ಅಳತೆಗೋಲನ್ನು ಒಂದು ಬೆರಳಿನಷ್ಟೂ ಜಾರಲು ಬಿಟ್ಟವರಲ್ಲ. ಬಿಲ್ಲಿಲ್ಲದ ಒಂದು ಥಾನು ಬಟ್ಟೆಯನ್ನೂ ಅಂಗಡಿಯೊಳಗೆ ಬಿಟ್ಟುಕೊಂಡವರಲ್ಲ. ವ್ಯವಹಾರವನ್ನು ಮಗನಿಗೆ ಒಪ್ಪಿಸಿದ ಮೇಲೆ ಅವರಿಗೆ ಸಂಗೀತವೇ ಸಂಜೆಯ ಸಂಗಾತಿಯಾಯಿತು. ಬಜಾರಿನ ಒಂದು ಮೊಬೈಲ್ ಅಂಗಡಿಯವನು ನೂರು ರೂಪಾಯಿ ಪಡೆದು ಸುಮಾರು ಎರಡು ಸಾವಿರ ಹಾಡುಗಳನ್ನು ಮೆಮೊರಿ ಕಾರ್ಡಿಗೆ ತುಂಬಿಸಿಕೊಟ್ಟಿದ್ದನು. ಹಿಂದುಸ್ತಾನಿ ಗಾಯನ, ಹಳೆಯ ಚಿತ್ರಗೀತೆ, ಜಿನಭಕ್ತಿಯ ಹಾಡು ಎಲ್ಲವೂ ಅದರಲ್ಲಿದ್ದವು.

ದಶಲಕ್ಷಣ ಪರ್ವದಲ್ಲಿ, ಉತ್ತಮ ಸತ್ಯಧರ್ಮದ ದಿನ, ಬಸದಿಯ ಪಾಠಶಾಲೆಯಿಂದ ಬಂದ ಮೊಮ್ಮಗಳು ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಅಜ್ಜನೆದುರು ಒಪ್ಪಿಸಿದಳು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿರುವಂತೆ ಅವು ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ ಮತ್ತು ಪ್ರತಿರೂಪಕ ವ್ಯವಹಾರ. ಒಪ್ಪಿಸಿ ಮುಗಿಸಿದ ಹುಡುಗಿ ಹಾಡುತ್ತಿದ್ದ ಪೆಟ್ಟಿಗೆಯನ್ನು ತೋರಿಸಿ, “ಅಜ್ಜಾ, ಇದರ ಬಿಲ್ ಎಲ್ಲಿದೆ?” ಎಂದು ಕೇಳಿದಳು.

ಹಿರಿಯರಿಗೆ ಉತ್ತರ ಹೊಳೆಯಲಿಲ್ಲ. ಕದ್ದ ಮಾಲನ್ನು ಕೊಳ್ಳುವುದೇ ತದಾಹೃತಾದಾನ. ರಾಜ್ಯದ ಕಾನೂನನ್ನು ಮೀರಿ ನಡೆಯುವುದೇ ವಿರುದ್ಧರಾಜ್ಯಾತಿಕ್ರಮ. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ 1957ರದು. ಅದರಂತೆ ಧ್ವನಿಮುದ್ರಣವೊಂದರ ಹಕ್ಕು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. 2012ರ ತಿದ್ದುಪಡಿಯು ಗೀತೆ ಬರೆದವರಿಗೂ ರಾಗ ಸಂಯೋಜಿಸಿದವರಿಗೂ ಗೌರವಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಕೊಟ್ಟು, ಅದನ್ನು ಅವರು ಬಿಟ್ಟುಕೊಡಲಾಗದಂತೆ ರಕ್ಷಿಸಿತು. ಮೊಬೈಲ್ ಅಂಗಡಿಯಲ್ಲಿ ಕೊಟ್ಟ ನೂರು ರೂಪಾಯಿಯಲ್ಲಿ ಇವರಾರಿಗೂ ಒಂದು ಪೈಸೆಯೂ ತಲುಪಿರಲಿಲ್ಲ. ಬೆಲೆ ಕೊಟ್ಟ ಮಾತ್ರಕ್ಕೆ ವಸ್ತುವು ದತ್ತವಾಗುವುದಿಲ್ಲ. ಕೊಡುವ ಅಧಿಕಾರವುಳ್ಳವನು ಕೊಟ್ಟಾಗ ಮಾತ್ರ ಅದು ದತ್ತ. ಅಂದು ಸಂಜೆಯೇ ಹಿರಿಯರು ಆ ಕಾರ್ಡನ್ನು ತೆಗೆದಿರಿಸಿದರು.

ಮುಂದಿನ ಪ್ರಶ್ನೆ ಚಂದಾದ್ದು. ಮಗನು ಹೇಳಿದನು: “ಅಪ್ಪಾ, ಚಂದಾ ಇಲ್ಲದೆಯೂ ಕೇಳಬಹುದು. ನಡುನಡುವೆ ಜಾಹೀರಾತು ಬರುತ್ತದೆ, ಅಷ್ಟೆ.” ಇದು ನಿಜ. ಸೇವೆಯವರೇ ಜಾಹೀರಾತಿನೊಡನೆ ಉಚಿತವಾಗಿ ಕೊಡುವ ಹಾಡು ಅದತ್ತವಲ್ಲ. ಅದನ್ನು ಕೇಳುವುದರಲ್ಲಿ ಚೌರ್ಯದ ದೋಷವಿಲ್ಲ. ಹಿರಿಯರು ಕೆಲವು ದಿನ ಹಾಗೆಯೇ ಕೇಳಿದರು. ಒಂದು ಸಂಜೆ ಜಿನಸ್ತವನ ಮುಗಿದೊಡನೆ ಮಾಂಸದ ಖಾದ್ಯದ ಜಾಹೀರಾತು ಕೇಳಿಬಂದಿತು. ಅನರ್ಥದಂಡಗಳಲ್ಲಿ ದುಃಶ್ರುತಿಯನ್ನೂ ಆಚಾರ್ಯರು ಎಣಿಸಿದ್ದಾರೆ. ಕಿವಿಯ ಬಾಗಿಲನ್ನು ಪರರ ಕೈಗೆ ಕೊಟ್ಟರೆ ಅದರಿಂದ ಏನು ಒಳಬರುವುದೆಂಬುದು ನಮ್ಮ ವಶದಲ್ಲಿ ಉಳಿಯದು. ಉಚಿತವೆಂಬುದಕ್ಕೂ ಬೆಲೆಯುಂಟು, ಅದು ಹಣದ ರೂಪದಲ್ಲಿ ಇಲ್ಲವಷ್ಟೆ.

ಆಗ ವ್ಯಾಪಾರಿಯ ಬುದ್ಧಿ ಲೆಕ್ಕಕ್ಕೆ ಇಳಿಯಿತು. ತಿಂಗಳಿಗೆ 150 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 1,800 ರೂಪಾಯಿ. ದಿನಕ್ಕೆ ಒಂದು ಗಂಟೆ ಕೇಳುವವನಿಗೆ ಗಂಟೆಗೆ ಸುಮಾರು 5 ರೂಪಾಯಿ ಬೀಳುತ್ತದೆ. ದಿನಕ್ಕೆ ಹತ್ತೇ ನಿಮಿಷ ಕೇಳುವವನಿಗೆ ಸುಮಾರು 30 ರೂಪಾಯಿ. ಇದರಿಂದ ಹೊರಡುವ ಲೌಕಿಕ ತೀರ್ಮಾನವೆಂದರೆ, ಹೆಚ್ಚು ಕೇಳಿದಷ್ಟೂ ಲಾಭ. ಹಿರಿಯರು ಇಲ್ಲಿಯೇ ತಡೆದು ನಿಂತರು. ಹೆಚ್ಚು ಭೋಗಿಸಿದಷ್ಟೂ ಅಗ್ಗವಾಗುವ ವಸ್ತು ಶ್ರಾವಕನಿಗೆ ಎಚ್ಚರಿಕೆಯ ವಸ್ತು. ಕೊಟ್ಟ ಹಣವನ್ನು ವಸೂಲು ಮಾಡಬೇಕೆಂಬ ನೆವದಿಂದ ಹಾಡು ಸಾಮಾಯಿಕದ ಹೊತ್ತನ್ನೂ ಊಟದ ಹೊತ್ತನ್ನೂ ನಿದ್ರೆಯ ಹೊತ್ತನ್ನೂ ನುಂಗುತ್ತದೆ.

ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಒಮ್ಮೆ ಬಳಸಿ ಬಿಡುವುದನ್ನು ಭೋಗವೆಂದೂ, ಮತ್ತೆ ಮತ್ತೆ ಬಳಸುವುದನ್ನು ಉಪಭೋಗವೆಂದೂ ವಿಂಗಡಿಸಿದ್ದಾರೆ. ಅನ್ನವು ಭೋಗ, ಬಟ್ಟೆಯು ಉಪಭೋಗ. ಕ್ಯಾಸೆಟ್ಟು ಉಪಭೋಗದ ವಸ್ತುವಾಗಿತ್ತು. ಕೊಂಡವನ ಕಪಾಟಿನಲ್ಲಿ ಅದು ಉಳಿಯುತ್ತಿತ್ತು. ಚಂದಾದ ಹಾಡು ಹಾಗಲ್ಲ. ಚಂದಾ ನಿಂತ ದಿನ ಇಳಿಸಿಟ್ಟುಕೊಂಡ ಹಾಡೂ ನಿಲ್ಲುತ್ತದೆ. 2024ರಲ್ಲಿ ರೆಸ್ಸೋ ಭಾರತದಲ್ಲಿ ಮುಚ್ಚಿತು. ಅದೇ ವರ್ಷ ವಿಂಕ್ ಮ್ಯೂಸಿಕ್ ಕೂಡ ಮುಚ್ಚಿತು. ಆದ್ದರಿಂದ ಚಂದಾ ಎಂಬುದು ಕ್ರಯವಲ್ಲ, ಬಾಡಿಗೆ. ಅಪರಿಗ್ರಹದ ದೃಷ್ಟಿಯಿಂದ ಇದರಲ್ಲಿ ಒಂದು ಗುಣವೂ ಉಂಟು. ಕೂಡಿಡುವುದಕ್ಕೆ ವಸ್ತುವೇ ಇಲ್ಲ. ಆದರೆ ವಸ್ತು ಕೈಯಲ್ಲಿಲ್ಲದಿದ್ದರೂ ಮೂರ್ಛೆ ಮನಸ್ಸಿನಲ್ಲಿರಬಹುದು. ಪರಿಗ್ರಹವೆಂದರೆ ಮೂರ್ಛೆಯೇ ಎಂಬುದು ಬಲ್ಲವರಿಗೆ ಹೊಸತಲ್ಲ.

ಅದೇ ಗ್ರಂಥದಲ್ಲಿ ನಿಯಮದಿಂದ ಮಿತಗೊಳಿಸಬೇಕಾದ ವಿಷಯಗಳ ಸಾಲಿನಲ್ಲಿ ಭೋಜನ, ವಾಹನ, ಶಯನಗಳೊಡನೆ ಸಂಗೀತವೂ ಗೀತವೂ ಸೇರಿವೆ. ಕಾಲದ ಮಿತಿಯನ್ನು ಹೇಳುವಾಗ ದಿನ, ರಾತ್ರಿ, ಪಕ್ಷ, ಮಾಸ, ಋತು, ಅಯನಗಳನ್ನು ಹೇಳಲಾಗಿದೆ. ಹಿರಿಯರಿಗೆ ದಾರಿ ಇಲ್ಲಿ ಕಂಡಿತು. ಚಂದಾ ಮಾಸಿಕವಾಗಿರುವಂತೆ ನಿಯಮವೂ ಮಾಸಿಕವಾಗಿರಲಿ ಎಂದು ನಿಶ್ಚಯಿಸಿದರು. ದಿನಕ್ಕೆ ಒಂದು ಗಂಟೆ. ಅಷ್ಟಮಿ, ಚತುರ್ದಶಿಗಳಂದು ಇಲ್ಲ. ಚಂದಾ ತಾನಾಗಿಯೇ ನವೀಕರಣಗೊಳ್ಳುವ ಏರ್ಪಾಡನ್ನು ಅವರು ಒಪ್ಪಲಿಲ್ಲ. ಅಂಥ ಏರ್ಪಾಡಿನಲ್ಲಿ ಹಣ ಕಡಿತವಾಗುವ 24 ಗಂಟೆ ಮುಂಚೆ ಗ್ರಾಹಕನಿಗೆ ಸೂಚನೆ ಬರಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆದರೆ ಸೂಚನೆಯನ್ನು ಓದದೆ ಅಳಿಸುವವರೇ ಬಹಳ. ವ್ರತವು ತಾನಾಗಿಯೇ ನವೀಕರಣಗೊಳ್ಳುವುದಿಲ್ಲ, ಸಂಕಲ್ಪದಿಂದಲೇ ಆಗಬೇಕು.

ಇಷ್ಟಾದ ಮೇಲೆ ಕಠಿಣವಾದ ಪರೀಕ್ಷೆ ಬಂದಿತು. ಮಗನು ಕುಟುಂಬ ಯೋಜನೆಯ ಚಂದಾ ಕೊಂಡು, ಪುಣೆಯಲ್ಲಿರುವ ತಂಗಿಯನ್ನೂ ಬೆಂಗಳೂರಿನಲ್ಲಿ ಓದುತ್ತಿರುವ ಅಣ್ಣನ ಮಗನನ್ನೂ ಅದರಲ್ಲಿ ಸೇರಿಸಿದ್ದನು. ಆ ಯೋಜನೆ ಒಂದೇ ಮನೆಯಲ್ಲಿ ವಾಸಿಸುವವರಿಗೆ ಮಾತ್ರ. ಇಬ್ಬರೂ ಹುಬ್ಬಳ್ಳಿಯ ವಿಳಾಸವನ್ನೇ ಬರೆದಿದ್ದರು. ಉಳಿತಾಯ ತಲೆಗೆ ನೂರು ರೂಪಾಯಿಯೂ ಇರಲಿಲ್ಲ. “ಅಪ್ಪಾ, ಎಲ್ಲರೂ ಹೀಗೆಯೇ ಮಾಡುತ್ತಾರೆ. ಅವಳು ನಮ್ಮ ಮನೆಯ ಮಗಳೇ ಅಲ್ಲವೇ?” ಎಂದನು ಮಗ. ಹಿರಿಯರು ಕೋಪಿಸಿಕೊಳ್ಳಲಿಲ್ಲ. “ಮಗಳು ನಮ್ಮವಳು ಎಂಬುದು ಸತ್ಯ. ಈ ಮನೆಯಲ್ಲಿ ವಾಸಿಸುತ್ತಾಳೆ ಎಂಬುದು ಸುಳ್ಳು. ನಮ್ಮ ಅಂಗಡಿಯಲ್ಲಿ ಗಿರಾಕಿಯೊಬ್ಬ ನೂರು ರೂಪಾಯಿಗಾಗಿ ಸುಳ್ಳು ವಿಳಾಸ ಬರೆದುಕೊಟ್ಟರೆ ಅವನಿಗೆ ಮರುದಿನ ಉದ್ರಿ ಕೊಡುತ್ತೀಯಾ?” ಎಂದಷ್ಟೇ ಕೇಳಿದರು. ಮಗಳಿಗೆ ತಾವೇ ಫೋನು ಮಾಡಿದರು. ಅವಳು ಮೊದಲು ನೊಂದುಕೊಂಡಳು. ತವರಿನಿಂದ ತನ್ನ ಹೆಸರನ್ನು ಅಳಿಸಿದಂತಾಯಿತೆಂದಳು. ಎರಡು ದಿನದ ಬಳಿಕ ತಾನೇ ಹೆಸರು ತೆಗೆಸಿ, ಬೇರೆ ಚಂದಾ ಮಾಡಿಕೊಂಡು ತಂದೆಗೆ ತಿಳಿಸಿದಳು.

ಬಸದಿಯ ಟ್ರಸ್ಟಿನವರು, ಸಭಾಭವನದಲ್ಲಿ ದಿನವೂ ಭಕ್ತಿಗೀತೆ ಹಾಕಲು ಅವರ ಖಾತೆಯನ್ನೇ ಬಳಸಬಹುದೇ ಎಂದು ಕೇಳಿದರು. ಧಾರ್ಮಿಕ ವಿಧಿಯ ಸಂದರ್ಭದಲ್ಲಿ ಹಾಡು ಕೇಳಿಸುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ವಿನಾಯಿತಿ ಕೊಟ್ಟಿದೆ. ಆದರೆ ವೈಯಕ್ತಿಕ ಚಂದಾ ವೈಯಕ್ತಿಕ ಬಳಕೆಗೆಂದೇ ಒಪ್ಪಿ ಪಡೆದದ್ದು. ವಿಧಿಯಿಲ್ಲದ ದಿನಗಳ ಹಾಡು ವಿಧಿಯೂ ಅಲ್ಲ. ಹಿರಿಯರು ಒಪ್ಪದೆ ಇನ್ನೊಂದು ವಿಷಯವನ್ನೂ ತಿಳಿಸಿದರು. ಚಂದಾದ ಹಣ ನಾವು ಕೇಳಿದ ಗಾಯಕನಿಗೆ ನೇರವಾಗಿ ಹೋಗುವುದಿಲ್ಲ. ಸಾಮಾನ್ಯವಾಗಿ ಎಲ್ಲರ ಹಣವೂ ಒಂದೆಡೆ ಸೇರಿ, ಒಟ್ಟು ಕೇಳಿಕೆಯಲ್ಲಿ ಯಾರ ಹಾಡಿನ ಪಾಲೆಷ್ಟೋ ಅದರಂತೆ ಹಕ್ಕುದಾರರಿಗೆ ಹಂಚಿಕೆಯಾಗುತ್ತದೆ. ಸ್ಪಾಟಿಫೈ ಸಂಸ್ಥೆಯು 2024ರಿಂದ ಹನ್ನೆರಡು ತಿಂಗಳಲ್ಲಿ ಸಾವಿರ ಬಾರಿಯಾದರೂ ಕೇಳಲ್ಪಡದ ಹಾಡಿಗೆ ಧ್ವನಿಮುದ್ರಣದ ಗೌರವಧನವನ್ನೇ ಕೊಡುವುದಿಲ್ಲ. ನಮ್ಮ ಊರಿನ ಬಸದಿಗಳಲ್ಲಿ ಹಾಡುವವರ ಎಷ್ಟು ಹಾಡುಗಳು ಆ ಸಂಖ್ಯೆಯನ್ನು ಮುಟ್ಟಿಯಾವು? ಪರ್ವದಲ್ಲಿ ಹತ್ತು ದಿನ ಹಾಡಿದವರಿಗೆ ಶಾಲು ಹೊದಿಸಿ ಕಳುಹಿಸುವ ಬದಲು ಯೋಗ್ಯವಾದ ಸಂಭಾವನೆ ಕೊಡುವುದು ಟ್ರಸ್ಟಿಗೆ ಭೂಷಣ ಎಂಬ ಅವರ ಮಾತನ್ನು ಸಭೆ ಒಪ್ಪಿತು.

ಹಾಗಾದರೆ ಈ ಚಂದಾ ಕೊಡತಕ್ಕದ್ದೇ? ದತ್ತವಾದ ಹಾಡು ದೊರೆಯುವುದಾದರೆ, ದುಃಶ್ರುತಿಯಿಂದ ಕಿವಿ ಉಳಿಯುವುದಾದರೆ, ಆ ಹಣ ಅಪವ್ಯಯವಲ್ಲ. ಆದರೆ ಮಿತಿಯನ್ನು ಯಾವ ಸಂಸ್ಥೆಯೂ ಮಾರುವುದಿಲ್ಲ. ಅದನ್ನು ಶ್ರಾವಕನೇ ಮನೆಯಲ್ಲಿ ಮಾಡಿಕೊಳ್ಳಬೇಕು. ಸುಳ್ಳು ವಿಳಾಸದಿಂದ ಅಗ್ಗವಾದ ಚಂದಾ ಮಾತ್ರ ಎಷ್ಟು ಅಗ್ಗವಾದರೂ ದುಬಾರಿಯೇ.

ಹಿರಿಯರು ಈಗಲೂ ಮನೆಖರ್ಚಿನ ವಹಿಯನ್ನು ತಾವೇ ಬರೆಯುತ್ತಾರೆ. ತಿಂಗಳ ಕೊನೆಯ ಪುಟದಲ್ಲಿ “ಸಂಗೀತದ ಚಂದಾ” ಎಂದು ಮೊತ್ತವನ್ನು ಬರೆದು, ಅದರ ಕೆಳಗೆ ನಿಯಮ ತಪ್ಪಿದ ದಿನಗಳ ಸಂಖ್ಯೆಯನ್ನೂ ಬರೆಯುತ್ತಾರೆ. ಮೊದಲ ತಿಂಗಳು ಆ ಸಂಖ್ಯೆ ಹನ್ನೊಂದು ಇತ್ತು. ಕಳೆದ ತಿಂಗಳು ಎರಡು. ಅದು ಸೊನ್ನೆಯಾಗುವವರೆಗೆ ಚಂದಾದ ಬೆಲೆ ಪೂರ್ತಿ ವಸೂಲಾಗಿಲ್ಲವೆಂದು ಅವರ ಅಭಿಪ್ರಾಯ.